ಹೆಂಟೆಮಿಡತೆಯ ದನಿ

ಕರೇಕಲ್ ಕಾವಲಿನಲ್ಲಿ ಯಾರೂ ಇಲ್ಲ ಎಂದು ಯಂತ್ರ ಹೇಳಿಬಿಟ್ಟಿತು. ಮುಂಗಾರಿನ ಮೊದಲ ಮಳೆಯಿಂದ ಹಿಡಿದು ಜೋಳ ತೆನೆಗಟ್ಟುವವರೆಗೆ ಕಾವಲಿನ ಕಂಬಗಳೆಲ್ಲ ಕಿವಿ ನಿಮಿರಿಸಿಕೊಂಡು ನಿಂತಿದ್ದವು. ಅವುಗಳಿಗೆ ಕೇಳಿಸಿದ್ದು ಗಾಳಿ, ಕುರಿಗಳ ಸದ್ದು, ಆಗೊಮ್ಮೆ ಈಗೊಮ್ಮೆ ಯಾರದೋ ಬೈಕು. ಕೇಳಿಸಬೇಕಾಗಿದ್ದ ದನಿ ಮಾತ್ರ ಒಂದು ಸಲವೂ ಕೇಳಿಸಲಿಲ್ಲ. ಶನಿವಾರ ಹೊತ್ತು ಮುಳುಗುವಷ್ಟರಲ್ಲಿ ಅದು ಕೇಳಿಸದಿದ್ದರೆ ಅಷ್ಟೂ ಹುಲ್ಲುಗಾವಲು ‘ನಿಶ್ಶಬ್ದ ಭೂಮಿ’ ಆಗುತ್ತಿತ್ತು. ನಿಶ್ಶಬ್ದ ಭೂಮಿಯನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು, ಮತ್ತು ಕೇಳುವವರು ಜೆಸಿಬಿ ಸಮೇತ ಆಗಲೇ ಬಾಗಿಲಲ್ಲಿ ನಿಂತಿದ್ದರು.

ದನಿ ಕಾನೂನು ಬಂದ ಹೊಸದರಲ್ಲಿ ಜನ ಸಿಹಿ ಹಂಚಿದ್ದುಂಟು. ಅಪರೂಪದ ಜೀವಿ ಇರುವ ನೆಲವನ್ನು ಇನ್ನು ಯಾವ ದೊಡ್ಡ ಮನುಷ್ಯನೂ ಮುಟ್ಟುವಂತಿಲ್ಲ. ಜೀವಿ ಇದೆಯೋ ಇಲ್ಲವೋ ಎಂಬುದನ್ನು ಅಧಿಕಾರಿ ಹೇಳುವಂತಿಲ್ಲ, ನೆಲದಲ್ಲಿ ನೆಟ್ಟ ಕಂಬವೇ ಅದರ ದನಿ ಕೇಳಿ ಹೇಳಬೇಕು. ಅಧಿಕಾರಿಗಾದರೆ ಲಂಚ ಕೊಡಬಹುದು, ಕಂಬಕ್ಕೆ ಏನು ಕೊಡುತ್ತೀರಿ ಎಂದು ಪೇಪರಿನವರು ಹೊಗಳಿದ್ದೇ ಹೊಗಳಿದ್ದು. ಕಾನೂನಿನ ಇನ್ನೊಂದು ಮಗ್ಗುಲನ್ನು ಯಾರೂ ಗಮನಿಸಲಿಲ್ಲ. ದನಿ ಕೇಳಿಸದಿದ್ದರೆ ಜೀವಿ ಇಲ್ಲ. ನಾಲ್ಕು ಜನ ಕಣ್ಣಾರೆ ಕಂಡು ಬಂದು ಹೇಳಿದರೂ ಇಲ್ಲ.

ಜನ ಇದಕ್ಕೂ ಒಗ್ಗಿಕೊಂಡರು, ಒಗ್ಗದೆ ಏನು ಮಾಡುತ್ತಾರೆ? ಕೆರೆ ಉಳಿಸಿಕೊಳ್ಳಬೇಕಾದ ಊರುಗಳಲ್ಲಿ ಕಪ್ಪೆಗೆ ತೊಂದರೆಯಾಗಬಾರದೆಂದು ಮದುವೆಯ ವಾಲಗ ನಿಂತುಹೋಯಿತು. ಕದ್ದವರ ಹಾಗೆ ಪಿಸುಪಿಸು ಎನ್ನುತ್ತಾ ತಾಳಿ ಕಟ್ಟಿಸಿದರು. ಒಂದು ಊರಿನವರು ಗೂಬೆಯ ಸಂಸಾರವೊಂದನ್ನು ಶಾಲೆಯ ಅಟ್ಟದ ಮೇಲೆ ಸಾಕಿಕೊಂಡರು. ನೆಲ ಬೇಕಾದವರೇನೂ ಕಡಿಮೆಯವರಲ್ಲ, ಚೀಲದಲ್ಲಿ ಬೆಕ್ಕು ತಂದು ಸುರಿದು ಹೋದರು. ಕಪ್ಪೆಯ ಹಾಗೆಯೇ ವಟಗುಟ್ಟಲು ಬರುತ್ತಿದ್ದ ಒಬ್ಬ ನಾಟಕದವನು ನಾಲ್ಕಾರು ಕೆರೆಗಳನ್ನು ಉಳಿಸಿದ. ಆಮೇಲೆ ಮನುಷ್ಯನ ಗಂಟಲನ್ನು ಗುರುತಿಸಲು ಯಂತ್ರ ಕಲಿತಿತು, ಅವನು ಜೈಲಿಗೆ ಹೋದ.

ದಾಕ್ಷಾಯಣಿ ದುರ್ಗದ ದನಿ ಕೇಂದ್ರದಲ್ಲಿ ಕೀಟಗಳ ವಿಭಾಗ ನೋಡಿಕೊಳ್ಳುವ ವಿಜ್ಞಾನಿ. ಕರೇಕಲ್ ಕಾವಲಿನ ಕಂಬಗಳು ಕಾಯುತ್ತಿದ್ದದ್ದು ಒಂದು ಮಿಡತೆಯ ದನಿಗಾಗಿ, ಹೆಂಟೆಮಿಡತೆಯ ದನಿಗಾಗಿ. ಅದು ಹೆಸರಿಗೆ ತಕ್ಕ ಹಾಗೆ ಉತ್ತ ಹೊಲದಲ್ಲಿ ಬಿದ್ದಿರುವ ಮಣ್ಣಿನ ಹೆಂಟೆಯೇ. ಹೆಬ್ಬೆರಳ ಗಾತ್ರ, ರೆಕ್ಕೆ ಇಲ್ಲ, ಬೆನ್ನ ಮೇಲೆ ಒರಟು ಏಣು. ಹಾರಲು ಬಾರದು, ಜಿಗಿಯಲು ಸೋಮಾರಿತನ. ಯಾರಾದರೂ ಹತ್ತಿರ ಬಂದರೆ ಓಡುವುದಿಲ್ಲ, ಇದ್ದಲ್ಲೇ ಕುಳಿತು ತಾನು ಮಣ್ಣು ಎಂದು ನಂಬಿಸುತ್ತದೆ. ನೋಡಿದವರೂ ನಂಬಿಕೊಂಡು ಮುಂದೆ ಹೋಗುತ್ತಾರೆ. ಹೀಗಾಗಿ ಒಂದು ಕಾಲದಲ್ಲಿ ಅದು ಅಳಿದೇ ಹೋಯಿತೆಂದು ಪುಸ್ತಕದವರು ಎಳ್ಳುನೀರು ಬಿಟ್ಟಿದ್ದರು.

ಅದನ್ನು ಮತ್ತೆ ಹುಡುಕಿದ್ದು ಕೇಂದ್ರದ ನಿರ್ದೇಶಕರಾದ ಡಾಕ್ಟರ್ ನಿರಂಜನಮೂರ್ತಿ. ಹುಡುಕಿದ್ದಷ್ಟೇ ಅಲ್ಲ, ಅದರ ಹಾಡನ್ನೂ ಹಿಡಿದು ತಂದರು. ಹಿಂಗಾಲನ್ನು ಹೊಟ್ಟೆಯ ಪಕ್ಕಕ್ಕೆ ಉಜ್ಜಿ ಅದು ಹೊರಡಿಸುವ ‘ಕಿರ್ರೀ, ಕಿರ್ರೀ’ ಎಂಬ ಸಣ್ಣ ಚೂಪು ಸದ್ದು. ಆ ಹಾಡಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ವೇದಿಕೆಯ ಮೇಲೆ ಅದನ್ನು ಕೇಳಿಸಿದಾಗ ಮಂತ್ರಿಗಳು ಕಣ್ಣು ಮುಚ್ಚಿ ತಲೆದೂಗಿದರು. ಇಲಾಖೆಗೆ ಯಾರು ಫೋನ್ ಮಾಡಿದರೂ ಮೊದಲು ಕೇಳಿಸುವುದೇ ಅದು. ಕಂಬಗಳಿಗೆ ಮಾದರಿಯೆಂದು ಕಲಿಸಿದ್ದೂ ಅದನ್ನೇ.

“ಮೇಡಂ, ಕರೇಕಲ್ದು ಇವತ್ತೂ ಸೊನ್ನೆ,” ಎಂದ ಇಮ್ತಿಯಾಜ್. ಕೇಂದ್ರದ ದೊಡ್ಡ ಪರದೆಯ ಮುಂದೆ ಕೂತು ಎಲ್ಲ ಕಂಬಗಳನ್ನೂ ನೋಡಿಕೊಳ್ಳುವವನು ಅವನು. ಅಂದು ಗುರುವಾರ.

“ನಾನೇ ನೋಡಿದೀನಿ ಇಮ್ತಿಯಾಜ್. ಕಣ್ಣಾರೆ. ಒಂದನ್ನ ಮನೆಗೇ ತಂದಿಟ್ಟುಕೊಂಡಿದೀನಿ.”

“ನಿಮ್ ಕಣ್ಣು ಕಂಬ ಅಲ್ವಲ್ಲ ಮೇಡಂ,” ಎಂದ ಅವನು. ತಮಾಷೆಗೆ ಹೇಳಿದ ಮಾತು, ಇಬ್ಬರಿಗೂ ನಗು ಬರಲಿಲ್ಲ.

ಮನೆಗೆ ತಂದಿದ್ದು ನಿಜ. ಯಾವ ಹೊತ್ತಿನಲ್ಲಿ ಅದು ಹಾಡುತ್ತದೆ, ಯಾವ ಹವೆಗೆ ಹಾಡುತ್ತದೆ ಎಂದು ತಿಳಿಯಬೇಕಿತ್ತು. ಹಿತ್ತಲಿನಲ್ಲಿ ಒಡಕು ಪ್ಲಾಸ್ಟಿಕ್ ಟಬ್ಬಿಗೆ ಕಾವಲಿನ ಮಣ್ಣನ್ನೇ ತುಂಬಿಸಿ, ಹುಲ್ಲು ನೆಟ್ಟು, ಮೇಲೆ ಸೊಳ್ಳೆಪರದೆ ಹೊದಿಸಿ ಬಿಟ್ಟಿದ್ದಳು. ಮಿಡತೆ ಚೆನ್ನಾಗಿ ಮೇಯುತ್ತಿತ್ತು, ಬಿಸಿಲು ಕಾಯಿಸಿಕೊಳ್ಳುತ್ತಿತ್ತು, ದಪ್ಪಗಾಗಿತ್ತು. ಒಂದೇ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಆ ಸಂಜೆ ದಾಕ್ಷಾಯಣಿ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಾಗ ಹಿತ್ತಲಿನಿಂದ ಅತ್ತೆ ಕೊಟ್ರಮ್ಮ ಕೂಗಿಕೊಂಡರು. ಕೊಟ್ರಮ್ಮ ಹೊಲ ಮಾಡಿ ಬೆಳೆದವರು. ಮಗ ಹೊಸಪೇಟೆಯ ಕಾರ್ಖಾನೆಯಲ್ಲಿ, ವಾರಕ್ಕೊಮ್ಮೆ ಬರುವವನು. ದುರ್ಗದ ಈ ಮನೆಯಲ್ಲಿ ಸೊಸೆಯ ಜೊತೆ ಇರುವುದು ಅವರೊಬ್ಬರೇ. ಮಣ್ಣು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

“ಏ ದಾಕ್ಷೀ! ಬಾರೇ ಇಲ್ಲಿ! ಹೆಂಟೆ ಬಾಯ್ ಬಡ್ಕಳ್ತೈತೆ ಕಣೇ!”

ಅವಳು ಕೈ ಒರೆಸಿಕೊಳ್ಳುವುದನ್ನೂ ಮರೆತು ಓಡಿದಳು. ಅತ್ತೆ ಸೊಳ್ಳೆಪರದೆ ಕಿತ್ತುಹಾಕಿ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಹೀರೆಬೀಜದ ಪೊಟ್ಟಣ. ಬಲಗೈಯ ಎರಡು ಬೆರಳುಗಳ ನಡುವೆ ಒಂದು ಹೆಂಟೆ, ಆ ಹೆಂಟೆ ಕಾಲು ಬಡಿಯುತ್ತಾ ಕಿರ್ರೀ, ಕಿರ್ರೀ, ಕಿರ್ರೀ ಎನ್ನುತ್ತಿತ್ತು.

“ಅತ್ತೆ, ಬಿಡಿ! ಬಿಡಿ ಅದನ್ನ!”

“ಒಳ್ಳೆ ಮಣ್ಣು ಸುಮ್ನೆ ಬಿದ್ದೈತಲ್ಲ, ಎಲ್ಡು ಹೀರೆಬೀಜ ಹಾಕಾನ ಅಂತ ಹೆಂಟೆ ಒಡೀತಿದ್ದೆ ಕಣೇ. ಇದೊಂದು ಹಿಂಡಿದ್ರೆ ಒಡೀಲೇ ಇಲ್ಲ, ಕೂಗ್ತು! ನನ್ ಎದೆ ಧಸಕ್ ಅಂತು.”

ಅತ್ತೆ ಬೆರಳು ಸಡಿಲಿಸಿದರು. ಮಿಡತೆ ಮಣ್ಣಿಗೆ ಬಿದ್ದು, ಮತ್ತೆ ಹೆಂಟೆಯಾಗಿ ಕೂತಿತು. ಸದ್ದು ನಿಂತಿತು.

ದಾಕ್ಷಾಯಣಿ ಹಾಗೆಯೇ ನಿಂತಳು. ಅದೇ ದನಿ. ವೇದಿಕೆಯ ಮೇಲೆ ಕೇಳಿದ್ದ, ಫೋನಿನಲ್ಲಿ ಸಾವಿರ ಸಲ ಕೇಳಿದ್ದ, ಕಂಬ ಕಂಬಕ್ಕೂ ಕಲಿಸಿದ್ದ ಅದೇ ಹಾಡು, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ.

“ಅತ್ತೆ, ಇನ್ನೊಂದು ಸಲ ಹಿಂಡ್ತೀರಾ? ಮೆಲ್ಲಗೆ.”

“ನಿಂಗೇನ್ ಬಂತೇ! ಪಾಪ, ನೋವಾಗಿ ಕೂಗ್ತೈತೆ, ಇನ್ನೊಂದ್ ಸಲ ಹಿಂಡು ಅಂತೀಯಲ್ಲ!”

ಅವಳೇ ಹಿಂಡಿದಳು. ಅದು ಕೂಗಿತು. ಬಿಟ್ಟಳು, ಸುಮ್ಮನಾಯಿತು. ಆಮೇಲೆ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಒಳಗೆ ಮುದ್ದೆ ಸೀದು ಹೋಗುತ್ತಿದ್ದ ವಾಸನೆ ಬಂದರೂ ಏಳಲಿಲ್ಲ.

ಮಾರನೆಯ ದಿನ ಇಮ್ತಿಯಾಜ್ ಬರುವ ಮುಂಚೆಯೇ ಅವಳು ಪರದೆಯ ಮುಂದಿದ್ದಳು. ಅವನು ಬಂದ ಕೂಡಲೇ ಹೆಂಟೆಮಿಡತೆಯ ವ್ಯಾಪ್ತಿಯ ನಕ್ಷೆ ತೆಗೆಸಿದಳು. ಕಂಬಗಳು ಈ ಮಿಡತೆಯ ದನಿ ಕೇಳಿದ ಕಡೆಯೆಲ್ಲ ಹಸಿರು ಚುಕ್ಕೆ. ದೇಶವಿದೇಶದ ಪುಸ್ತಕಗಳಲ್ಲಿ ಅಚ್ಚಾದ ನಕ್ಷೆ ಅದು.

“ಈ ಚುಕ್ಕೆ ಎಲ್ಲಿದು?”

“ಕಲ್ಲು ಕ್ವಾರಿ ಪಕ್ಕದ್ದು ಮೇಡಂ. ದಿನಾ ಸಿಡಿಮದ್ದು ಹಾರಿಸ್ತಾರೆ ಅಲ್ಲಿ.”

“ಇದು?”

“ಹೊಸಾ ರಸ್ತೆ ಕೆಲಸ ನಡೀತಿದೆಯಲ್ಲ, ಅದರ ಅಂಚಿನ ಪಟ್ಟಿ. ಜೆಸಿಬಿ ಓಡಾಡ್ತಾವೆ.”

“ಈ ಗುಡ್ಡ?”

“ವರ್ಷಾ ವರ್ಷಾ ಹುಲ್ಲಿಗೆ ಬೆಂಕಿ ಬೀಳ್ತದಲ್ಲ, ಅದೇ ಗುಡ್ಡ.” ಇಷ್ಟು ಹೇಳಿ ಇಮ್ತಿಯಾಜ್ ನಿಲ್ಲಿಸಿದ. ಪರದೆಯನ್ನು ನೋಡಿದ, ಅವಳ ಮುಖ ನೋಡಿದ. “ಮೇಡಂ, ಎಲ್ಲಾ ಚುಕ್ಕೇನೂ ಹಿಂಗೇ ಇದಾವಲ್ಲ.”

ಎಲ್ಲ ಚುಕ್ಕೆಗಳೂ ಹಾಗೆಯೇ ಇದ್ದವು. ಮಿಡತೆ ಎಲ್ಲಿ ಬದುಕಿದೆ ಎಂದು ತೋರಿಸುವ ನಕ್ಷೆಯಲ್ಲ ಅದು, ಎಲ್ಲಿ ಸಾಯುತ್ತಿದೆ ಎಂದು ತೋರಿಸುವ ನಕ್ಷೆ. ಎಲ್ಲಿ ಅದು ಹೊಟ್ಟೆ ತುಂಬ ಮೇದು ತಣ್ಣಗೆ ಕೂತಿತ್ತೋ ಅಲ್ಲೆಲ್ಲ ನಕ್ಷೆ ಖಾಲಿ. ಖಾಲಿ ಎಂದು ಬರೆದು ಎಂಟು ಕಾವಲುಗಳನ್ನು ಆಗಲೇ ಕೊಟ್ಟಾಗಿತ್ತು. ನೆಲ ಕೊಟ್ಟ ಮೊದಲ ದಿನವೇ ಕಂಬ ಕೀಳುತ್ತಾರೆ. ಆಮೇಲೆ ಜೆಸಿಬಿ ಹೋಗುತ್ತದೆ. ಆಗ ಅಲ್ಲಿ ಎಷ್ಟು ಜೀವ ಕೂಗಿಕೊಂಡಿತೋ, ಕೇಳಲು ಕಿವಿಯೇ ಇರಲಿಲ್ಲ.

ದಾಕ್ಷಾಯಣಿಯ ಮೈಯೆಲ್ಲ ಉರಿದುಹೋಯಿತು. ಬಾಗಿಲು ತಟ್ಟದೆ ನಿರ್ದೇಶಕರ ಕೋಣೆಗೆ ನುಗ್ಗಿದಳು.

ನಿರಂಜನಮೂರ್ತಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅವರ ತಾಳ್ಮೆ ಇಲಾಖೆಯಲ್ಲೇ ಹೆಸರುವಾಸಿ. ಅರ್ಧ ಕುಡಿದ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ಸರ್, ಆ ಹಾಡು ಹೇಗೆ ಹಿಡಿದ್ರಿ? ಅಷ್ಟು ಹತ್ತಿರದಿಂದ?”

“ಚಿಮಟದಲ್ಲಿ ಹಿಡ್ಕೊಂಡಿದ್ದೆ. ಮತ್ತೆ ಹೇಗೆ ಹಿಡೀಬೇಕಿತ್ತು? ಕೂತ್ಕೋ, ಹಾಡು ಅಂದ್ರೆ ಹಾಡ್ತದಾ?”

ಅವರಿಗೆ ನಾಚಿಕೆಯಾಗಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ದಾಕ್ಷಾಯಣಿಗೆ ಅದೇ ಇನ್ನಷ್ಟು ಸಿಟ್ಟು ತರಿಸಿತು.

“ಅದು ಹಾಡಲ್ಲ ಸರ್, ಅದು ಚೀರೋದು! ನಾವು ಊರೂರಿಗೆ ಕಂಬ ನೆಟ್ಟು ಅದು ಚೀರುತ್ತಾ ಅಂತ ಕಾಯ್ತಿದೀವಿ. ಚೀರದಿದ್ರೆ ಇಲ್ಲ ಅಂತ ಬರೀತಿದೀವಿ. ನಾಳೆ ಸಂಜೆ ಕರೇಕಲ್ ಹೋಗ್ತದೆ. ಇವತ್ತೇ ಆದೇಶ ತಡೀರಿ.”

“ತಡೆದು ಏನು ಅಂತ ಹೇಳ್ಲಿ?”

“ನಿಜ ಹೇಳಿ.”

“ನಿಜ ಹೇಳಿದ್ರೆ ಹಿಂದಿನ ಎಂಟು ಕಾವಲಿಗೂ ಹೇಳಬೇಕಾಗ್ತದೆ. ಅವನ್ನ ವಾಪಸ್ ತರ್ತೀರಾ? ಅಲ್ಲಿ ಈಗ ಕಾರ್ಖಾನೆ ಎದ್ದಿವೆ, ಜನ ಕೆಲಸ ಮಾಡ್ತಿದಾರೆ. ಕಪ್ಪೆ ಕಂಬ, ಗೂಬೆ ಕಂಬ ಎಲ್ಲದರ ಮೇಲೂ ಅನುಮಾನ ಬರ್ತದೆ. ಈ ಕಾನೂನೇ ಬಿದ್ದುಹೋದ್ರೆ ಉಳಿದಿರೋ ಕೆರೆಗಳೂ ಹೋಗ್ತವೆ. ಅದು ಬೇಕಾ ನಿಮಗೆ?” ನಿರಂಜನಮೂರ್ತಿ ಕನ್ನಡಕ ತೆಗೆದು ಒರೆಸಿದರು. “ನೋಡಿ ದಾಕ್ಷಾಯಣಿ, ಕಾನೂನು ಕೇಳೋದು ದನಿ. ಹಾಡಿದ್ದೋ ಅತ್ತಿದ್ದೋ ಅಂತ ಅದು ಕೇಳಲ್ಲ. ಕರೇಕಲ್‌ನಲ್ಲಿ ನಿಮ್ಮ ಮಿಡತೆ ಇದ್ರೆ ನಾಳೆ ಸಂಜೆಯೊಳಗೆ ದನಿ ಮಾಡ್ಲಿ. ನಾನೇ ಸಂತೋಷವಾಗಿ ಸಹಿ ಹಾಕ್ತೀನಿ.”

ಅವಳು ಮೇಜಿನ ಮೇಲೆ ಕೈ ಅಪ್ಪಳಿಸಿದಳು. ಕಾಫಿ ಚೆಲ್ಲಿತು. ಅವರು ಕರವಸ್ತ್ರ ತೆಗೆದು ನಿಧಾನವಾಗಿ ಒರೆಸಿಕೊಂಡರು.

ಮನೆಗೆ ಬಂದವಳು ಪಾತ್ರೆಗಳನ್ನೆಲ್ಲ ಕುಕ್ಕಿದಳು. ಕೊಟ್ರಮ್ಮ ಊಟಕ್ಕೆ ಕೂತು, ಸೊಸೆ ಉಸಿರು ಬಿಡದೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಅರ್ಥವಾಗದ ಕಡೆ ಮತ್ತೆ ಕೇಳಿದರು.

“ಅಂದ್ರೆ, ಸುಖವಾಗಿದ್ರೆ ಇಲ್ಲ ಅಂತಾನೆ. ಅತ್ರೆ ಐತೆ ಅಂತಾನೆ.”

“ಹೂಂ ಅತ್ತೆ.”

“ತಾಲ್ಲೂಕಾಪೀಸ್ನೋರೂ ಹಂಗೇ ಅಲ್ವೇನೆ? ವಿಧವಾ ಪಿಂಚಣಿಗೆ ಅಂತ ಸುಮ್ನೆ ಹೋಗಿ ಕುಂತ್ರೆ ಕಣ್ಣೆತ್ತಿ ನೋಡಲಿಲ್ಲ ನನ್ನ. ಒಂದಿನ ಬಾಗ್ಲಾಗ್ ನಿಂತ್ಕಂಡು ಗೋಳೋ ಅಂತ ಅತ್ತೆ ನೋಡು, ಆವಾಗ ಕುರ್ಚಿ ಕೊಟ್ರು.” ಅತ್ತೆ ಬೆರಳು ಚೀಪಿಕೊಂಡು ಎದ್ದರು. “ಹಂಗಾದ್ರೆ ಹೋಗಿ ಅಳಿಸು, ಅಷ್ಟೆ.”

ಆ ಮಾತು ಅವಳ ಮನಸ್ಸಿನಲ್ಲೂ ಮಧ್ಯಾಹ್ನದಿಂದ ಓಡಾಡುತ್ತಿತ್ತು. ಅದನ್ನು ಹೊರಗೆ ಹಾಕಲು ಅವಳಿಗೆ ಬಾಯಿ ಬಂದಿರಲಿಲ್ಲ. ಕೇಂದ್ರದವರು ಕಂಬದ ಹತ್ತಿರ ಹೋಗಿ ಏನನ್ನಾದರೂ ಕೂಗಿಸಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಆದರೆ ಅವಳು ಹಿಂಜರಿದದ್ದು ಅದಕ್ಕಲ್ಲ. ಕಂಬದ ದೀಪ ಹಸಿರಾದರೆ ಕರೇಕಲ್ ಉಳಿಯುತ್ತದೆ, ನಿರಂಜನಮೂರ್ತಿಯ ಹಾಡು ಸರಿ ಎಂದೂ ಆಗುತ್ತದೆ. ಹೋಗದಿದ್ದರೆ ಅವಳ ನಿಜ ಅವಳ ಹತ್ತಿರ ಇರುತ್ತದೆ, ಕಾವಲು ಇರುವುದಿಲ್ಲ. ಎರಡೂ ಬೇಕೆಂದರೆ ಸಿಗುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಸ್ಕೂಟರ್ ತೆಗೆದಾಗ ಕೊಟ್ರಮ್ಮ ಸೆರಗು ಬಿಗಿದುಕೊಂಡು ಹಿಂದೆ ಹತ್ತಿದರು. “ನೀನು ಹಿಂಡಾಕೆ ಅಂಜ್ತೀಯ. ನಾನಿರ್ತೀನಿ,” ಎಂದರು.

ಕರೇಕಲ್ ಕಾವಲು ಹಾಸಿದಂತೆ ಹರಡಿಕೊಂಡಿತ್ತು. ಹುಲ್ಲು ಮೊಳಕಾಲೆತ್ತರ ಬೆಳೆದು ತುದಿ ಹೊಂಬಣ್ಣಕ್ಕೆ ತಿರುಗಿತ್ತು. ಹುಲ್ಲಿನ ಸಂದಿಯಲ್ಲೆಲ್ಲ ಕೆಂಗಪ್ಪು ನೆಲ, ಅದರ ತುಂಬ ಸಣ್ಣ ಸಣ್ಣ ಹೆಂಟೆ. ದೂರದ ರಸ್ತೆಯಲ್ಲಿ ಹಳದಿ ಜೆಸಿಬಿಗಳು ಸಾಲಾಗಿ ನಿಂತಿದ್ದವು, ಡ್ರೈವರುಗಳು ಅವುಗಳ ನೆರಳಲ್ಲಿ ಬೀಡಿ ಸೇದುತ್ತಿದ್ದರು. ಕಾವಲಿನ ನಡುವೆ ಕಂಬ. ಅದರ ತುದಿಯಲ್ಲಿ ಒಂದು ಪುಟ್ಟ ದೀಪ, ಕೆಂಪು.

ಪರದೆ ಕಿತ್ತ ಟಬ್ಬಿನಿಂದ ಮನೆಯ ಮಿಡತೆ ಆಗಲೇ ತೆವಳಿ ಎಲ್ಲೋ ಹೋಗಿತ್ತು, ಇನ್ನು ಇಲ್ಲೇ ಒಂದು ಸಿಗಬೇಕಿತ್ತು. ಇಬ್ಬರೂ ಕಂಬದ ಸುತ್ತ ಹುಡುಕತೊಡಗಿದರು. ಒಂದೂ ಸಿಗಲಿಲ್ಲ. ಅದು ಕಾಣದಿರುವುದರಲ್ಲೇ ಪಳಗಿದ ಜೀವ, ಬೇಕೆಂದಾಗ ಕಾಣುತ್ತದೆಯೇ? ದಾಕ್ಷಾಯಣಿ ಬಗ್ಗಿ ಬಗ್ಗಿ ಪ್ರತಿ ಹೆಂಟೆಯನ್ನೂ ಮುಟ್ಟಿದಳು. ಮಣ್ಣು, ಮಣ್ಣು, ಕುರಿಹಿಕ್ಕೆ, ಮತ್ತೆ ಮಣ್ಣು. ಬಿಸಿಲೇರಿತು. ಬೆನ್ನು ಹಿಡಿದುಕೊಂಡಿತು. ಮಧ್ಯಾಹ್ನ ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ. ಅವಳಿಗೆ ಮಿಡತೆಯ ಮೇಲೆಯೇ ಸಿಟ್ಟು ಬಂತು. “ಎಲ್ಲಿ ಸತ್ತಿದೀಯೇ? ನಿನಗೋಸ್ಕರವೇ ಬಂದಿದೀನಿ, ಬಾರೇ!” ಎಂದು ಬಯಲಿಗೆ ಕೂಗಿದಳು. ಕಂಬ ಅದನ್ನೂ ಕೇಳಿಸಿಕೊಂಡಿತು, ಮನುಷ್ಯರ ಗಂಟಲೆಂದು ಬಿಟ್ಟಿತು.

ಹೊತ್ತು ಇಳಿಯುವಾಗ ಕೊಟ್ರಮ್ಮ ಸಾಕಾಗಿ ಕಂಬದ ಬುಡದಲ್ಲೇ ಕೂತರು. ಕೂತಲ್ಲೇ ಕೈಗೆ ಸಿಕ್ಕ ಹೆಂಟೆಗಳನ್ನು ಒಂದೊಂದಾಗಿ ಪುಡಿ ಮಾಡುತ್ತಿದ್ದರು. ನಾಲ್ಕನೆಯದೋ ಐದನೆಯದೋ ಪುಡಿಯಾಗಲಿಲ್ಲ.

“ದಾಕ್ಷೀ!”

ಕೊಬ್ಬಿದ ದೊಡ್ಡ ಹೆಣ್ಣು ಮಿಡತೆ. ಕಿರ್ರೀ ಎಂದಿತು. ಕಂಬದ ದೀಪ ಒಮ್ಮೆ ಮಿಟುಕಿ ಮತ್ತೆ ಕೆಂಪಾಯಿತು. ಒಂದು ಕೂಗಿಗೆ ಕಂಬ ನಂಬುವುದಿಲ್ಲ, ಮೋಸವಿರಬಹುದೆಂದು ಮತ್ತೆ ಮತ್ತೆ ಕೇಳಬಯಸುತ್ತದೆ. ಕೊಟ್ರಮ್ಮ ಇನ್ನೊಂದು ಸಲ ಹಿಂಡಿದರು, ಆಮೇಲೆ ಅವರ ಕೈಯೇ ಸೋತಿತು. “ನನ್ ಕೈಲಿ ಆಗಲ್ಲ ಕಣೇ. ಬಸುರಿ ಐತೆ ಇದು,” ಎಂದು ಅದನ್ನು ಸೊಸೆಯ ಅಂಗೈಗೆ ಹಾಕಿ ಮುಖ ತಿರುಗಿಸಿದರು.

ದಾಕ್ಷಾಯಣಿ ಹಿಂಡಿದಳು. ಅದು ಕೂಗಿತು. ದೀಪ ಮಿಟುಕಿತು. ಮತ್ತೆ ಹಿಂಡಿದಳು. ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಲ್ಲಿ ಬೈಗುಳ ಬರುತ್ತಿತ್ತು. ಯಾರಿಗೆ ಬೈಯುತ್ತಿದ್ದಳೋ, ಚಿಮಟಕ್ಕೋ, ಶಾಲಿಗೋ, ತಲೆದೂಗಿದ ಮಂತ್ರಿಗೋ, ಕಂಬಕ್ಕೋ. ಸೂರ್ಯ ಗುಡ್ಡದ ನೆತ್ತಿ ಮುಟ್ಟಿದ್ದ. ಮಿಡತೆಗೂ ಆಯಾಸವಾಗಿ ದನಿ ಸಣ್ಣಗಾಗತೊಡಗಿತು. ದೀಪ ಮತ್ತೆ ಕೆಂಪಿಗೆ ನಿಂತಿತು.

ಆಗ ಅವಳು ಅದರ ಹಿಂಗಾಲನ್ನು ಹಿಡಿದು ಎಳೆದಳು.

ಅಂಥ ಕೂಗನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಕಾಲು ಬುಡಸಮೇತ ಕಿತ್ತು ಅವಳ ಬೆರಳಲ್ಲಿ ಉಳಿಯಿತು. ಇನ್ನೊಂದು ಕಾಲಿನಲ್ಲೇ ಮಿಡತೆ ಚೀರುತ್ತಲೇ ಇತ್ತು. ಮರುಗಳಿಗೆ ಅವಳ ಪಾದದ ಹತ್ತಿರದ ಹೆಂಟೆಯೊಂದು ಚೀರಿತು. ಅದರಾಚೆಯದು ಚೀರಿತು. ಕೊಟ್ರಮ್ಮ ಕೂತ ಜಾಗದಿಂದ ಎಗರಿ ಎದ್ದರು. ಬಲಕ್ಕೆ, ಎಡಕ್ಕೆ, ಹುಲ್ಲಿನ ಸಂದಿಯಲ್ಲಿ, ದಾರಿಯ ಮೇಲೆ, ಬೆಳಗಿನಿಂದ ಇಬ್ಬರೂ ತುಳಿದಾಡಿದ ಜಾಗದಲ್ಲೆಲ್ಲ ನೆಲ ಕೂಗತೊಡಗಿತು. ನೂರಲ್ಲ, ಸಾವಿರವಲ್ಲ. ಹತ್ತಿರದಿಂದ ದೂರಕ್ಕೆ, ದೂರದಿಂದ ಇನ್ನೂ ದೂರಕ್ಕೆ, ಕಾವಲಿಗೆ ಕಾವಲೇ ಕೂಗಿತು.

“ಇಷ್ಟಿದ್ವಾ!” ಎಂದರು ಕೊಟ್ರಮ್ಮ.

ದೀಪ ಹಸಿರಾಯಿತು. ಆ ಕಂಬದ್ದು, ಅದರಾಚೆಯ ಕಂಬದ್ದು, ಕಣ್ಣಿಗೆ ಕಾಣುವ ಎಲ್ಲ ಕಂಬಗಳದ್ದೂ. ರಸ್ತೆಯಲ್ಲಿ ಡ್ರೈವರುಗಳು ಎದ್ದು ನಿಂತು ಇತ್ತ ನೋಡಿದರು. ಯಾರಿಗೋ ಫೋನ್ ಬಂತು. ಸ್ವಲ್ಪ ಹೊತ್ತಿಗೆ ಒಂದೊಂದೇ ಜೆಸಿಬಿ ಹಿಂದಕ್ಕೆ ತಿರುಗಿ ಹೊರಟಿತು.

ದಾಕ್ಷಾಯಣಿ ಕುಂಟ ಮಿಡತೆಯನ್ನು ಹುಲ್ಲಿನ ಬುಡದಲ್ಲಿ ಇಳಿಸಿದಳು. ಅಷ್ಟರಲ್ಲಿ ಅವಳ ಫೋನೂ ಬಡಿದುಕೊಂಡಿತು. ನಿರಂಜನಮೂರ್ತಿ. ಅವರ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು, ನಿಜವಾದ ಸಂತೋಷ.

“ದಾಕ್ಷಾಯಣಿ, ಕೇಳಿದ್ರಾ? ಕರೇಕಲ್! ಇಡೀ ಕಾವಲೇ ಹಾಡ್ತಿದೆ! ಇಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೀತಿದಾರೆ. ಹಾಡೋದೇ ಇಲ್ಲ ಅಂತ ಜಗಳ ಆಡಿದ್ರಲ್ಲ ನೀವು! ಸಹಿ ಹಾಕಿ ಆಯ್ತು, ಈ ವರ್ಷಕ್ಕೆ ಯಾರೂ ಮುಟ್ಟಲ್ಲ, ಮುಂದಿನ ವರ್ಷ ಮತ್ತೆ ದನಿ ಕೇಳಿಸಿದ್ರೆ ಆಯ್ತು. ಇನ್ನೊಂದು ವಿಷಯ. ಎಲ್ಲಾ ಶುರುವಾಗೋಕೆ ಮುಂಚೆ ಒಂದೇ ಒಂದು ಹಾಡ್ತಲ್ಲ, ಅದು ನಾನು ಹಿಡಿದಿದ್ದಕ್ಕಿಂತ ಎಷ್ಟು ಜೋರು, ಎಷ್ಟು ಸ್ಪಷ್ಟ! ನನ್ನ ಹಳೇದನ್ನ ತೆಗೆದುಹಾಕೋಣ. ಸೋಮವಾರದಿಂದ ಎಲ್ಲಾ ಕಂಬಕ್ಕೂ ಇದನ್ನೇ ಮಾದರಿ ಮಾಡ್ತೀನಿ.”

ಫೋನ್ ನಿಂತಿತು. ಕಾವಲೂ ಒಂದೊಂದು ಮೂಲೆಯಿಂದ ಸುಮ್ಮನಾಗುತ್ತಾ ಬಂತು.

“ಏನಂತೆ?” ಕೊಟ್ರಮ್ಮ ಕೇಳಿದರು.

“ಚೆನ್ನಾಗಿ ಹಾಡ್ತಂತೆ ಅತ್ತೆ.”

“ಅವನ್ ನಾಲ್ಗೆ ಬಿದ್ದೋಗ!” ಎಂದು ಕೊಟ್ರಮ್ಮ ಕಂಬದ ಬುಡಕ್ಕೆ ಉಗಿದರು. “ಹೋಗ್ಲಿ ಬಿಡೇ. ನೆಲ ಉಳೀತಲ್ಲ. ಮುಂದಿನ್ ವರ್ಷಾನೂ ಬರಾನ. ನಾನೇ ಹುಡಿಕ್ಕೊಡ್ತೀನಿ. ಒಂದೀಟು ಹಿಂಡಿ ಬಿಟ್ರಾಯ್ತು.”

ದಾಕ್ಷಾಯಣಿ ಬೆರಳ ತುದಿಗೆ ಅಂಟಿದ್ದ ಕಾಲನ್ನು ನೋಡಿದಳು.

“ಇಲ್ಲ ಅತ್ತೆ,” ಎಂದಳು. “ಮುಂದಿನ ವರ್ಷ ಹಿಂಡಿದರೆ ಸಾಲದು.”